ಬಸ್ ನೌಕರರ ವೇತನ ಮಾತುಕತೆಯ ಒಳಲೆಕ್ಕ

ವೇತನ ಒಪ್ಪಂದ ಆಯಿತಂತೆ ಎಂಬ ಸುದ್ದಿ ಡಿಪೋ ಮುಟ್ಟಿದ ಕೂಡಲೇ ಎಲ್ಲರೂ ಕೇಳುವುದು "ಎಷ್ಟು ಪರ್ಸೆಂಟ್?" ಎಂದು. ಅದರ ಜೊತೆಗೇ ಕೇಳಬೇಕಾದವು ಇನ್ನೂ ಮೂರಿವೆ. ಯಾವುದರ ಮೇಲೆ? ಯಾವ ತಾರೀಖಿನಿಂದ? ಎಷ್ಟು ಗಂಟೆಯ ದುಡಿಮೆಗೆ? ಕೆಎಸ್‌ಆರ್‌ಟಿಸಿ, ಬಿಎಂಟಿಸಿ, ವಾಯವ್ಯ ಕರ್ನಾಟಕ, ಕಲ್ಯಾಣ ಕರ್ನಾಟಕ, ಈ ನಾಲ್ಕೂ ನಿಗಮಗಳಲ್ಲಿ ನಾಲ್ಕು ವರ್ಷಕ್ಕೊಮ್ಮೆ ವೇತನ ಪರಿಷ್ಕರಣೆ ಆಗಬೇಕೆಂಬುದು ಬಹುಕಾಲದ ಪದ್ಧತಿ. ಬೇಡಿಕೆ ಪಟ್ಟಿ ಹಿಡಿದು ಮೇಜಿನ ಮುಂದೆ ಕೂರುವ ಮೊದಲು ಸಂಘ ಮಾಡಿಟ್ಟುಕೊಳ್ಳಬೇಕಾದ ಲೆಕ್ಕಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಪರ್ಸೆಂಟ್ ಯಾವುದರ ಮೇಲೆ

ರಾಜ್ಯ ಸರ್ಕಾರಿ ನೌಕರರ ಏಳನೇ ವೇತನ ಆಯೋಗದ ಲೆಕ್ಕವನ್ನೇ ನೋಡೋಣ. ಸಾರಿಗೆ ನೌಕರರು ಸರಿಸಮಾನ ವೇತನ ಕೇಳುವಾಗ ಬೆರಳು ತೋರಿಸುವುದು ಅದರ ಕಡೆಗೇ. ಅಲ್ಲಿ ಕನಿಷ್ಠ ಮೂಲ ವೇತನ 17,000 ರೂಪಾಯಿ ಇದ್ದದ್ದು 27,000 ಆಯಿತು. ಶೇ 58.5ರಷ್ಟು ಏರಿಕೆ ಎಂದು ಸುದ್ದಿಯಾಯಿತು. ಬಿಡಿಸಿದರೆ ಹೀಗಿದೆ: 17,000 ಹಳೆಯ ಮೂಲ ವೇತನ, ಅದರ ಶೇ 31 ತುಟ್ಟಿಭತ್ಯೆ 5,270, ಫಿಟ್‌ಮೆಂಟ್ (ಹಳೆಯ ಮೂಲ ವೇತನದ ಮೇಲೆ ಹೊಸದಾಗಿ ಕೊಡುವ ಏರಿಕೆ) ಶೇ 27.5 ಅಂದರೆ 4,675. ಒಟ್ಟು 26,945, ಅದನ್ನು ಮೇಲಕ್ಕೆತ್ತಿ 27,000. ಇದರಲ್ಲಿ ತುಟ್ಟಿಭತ್ಯೆಯ 5,270 ರೂಪಾಯಿ ನೌಕರನ ಕೈಗೆ ಮೊದಲೇ ಬರುತ್ತಿತ್ತು. ಹೊಸದಾಗಿ ಸೇರಿದ್ದು 4,675 ಮಾತ್ರ. ಆವರೆಗೆ ಬರುತ್ತಿದ್ದ 22,270ರ ಮೇಲೆ ಅದು ಸುಮಾರು ಶೇ 21. ಒಂದೇ ಏರಿಕೆಯನ್ನು 58.5 ಎಂದೂ 27.5 ಎಂದೂ 21 ಎಂದೂ ಹೇಳಬಹುದು, ಮೂರೂ ಸುಳ್ಳಲ್ಲ. ಮಾತುಕತೆಯ ಮೇಜಿನ ಮೇಲೆ ಎರಡೂ ಕಡೆಯವರು ಯಾವ ಭಾಷೆಯಲ್ಲಿ ಲೆಕ್ಕ ಹೇಳುತ್ತಿದ್ದಾರೆಂದು ಮೊದಲ ದಿನವೇ ಬರೆದುಕೊಳ್ಳದಿದ್ದರೆ ಕೊನೆಯ ದಿನ ಜಗಳ ಗ್ಯಾರಂಟಿ.

ಸಂಘಗಳು ಎಡವುವ ಜಾಗ ಇದೇ. ಮೂಲ ವೇತನ 20,000, ತುಟ್ಟಿಭತ್ಯೆ ಶೇ 30 ಎಂದು ಇಟ್ಟುಕೊಳ್ಳಿ. ತುಟ್ಟಿಭತ್ಯೆಯನ್ನು ಮೂಲ ವೇತನದೊಳಗೆ ವಿಲೀನ ಮಾಡಿ, ಹಳೆಯ ಮೂಲ ವೇತನದ ಮೇಲಷ್ಟೇ ಶೇ 15 ಕೊಟ್ಟರೆ ಹೊಸ ಮೂಲ ವೇತನ 29,000. ಅದೇ ಶೇ 15ನ್ನು ಮೂಲ ವೇತನ ಮತ್ತು ತುಟ್ಟಿಭತ್ಯೆ ಕೂಡಿಸಿದ 26,000ದ ಮೇಲೆ ಕೊಟ್ಟರೆ 29,900. ತಿಂಗಳಿಗೆ 900 ರೂಪಾಯಿ, ನಾಲ್ಕು ವರ್ಷಕ್ಕೆ 43,200 ರೂಪಾಯಿ. ಒಪ್ಪಂದದ ಕರಡಿನಲ್ಲಿ "ಮೂಲ ವೇತನದ ಮೇಲೆ" ಎಂಬ ಮೂರು ಪದ ಇದೆಯೋ ಇಲ್ಲವೋ ಎಂಬುದರ ಮೇಲೆ ಇಷ್ಟು ಹಣ ನಿಂತಿದೆ.

ವಿಲೀನವಾದಾಗ ಮನೆ ಬಾಡಿಗೆ ಭತ್ಯೆಯ ದರವನ್ನೂ ನೋಡಬೇಕು. ಮೂಲ ವೇತನ ಹಿಗ್ಗಿದರೆ ಬಾಡಿಗೆ ಭತ್ಯೆಯ ದರ ಕುಗ್ಗಿಸುವುದು ರೂಢಿ. ಕೇಂದ್ರದ ಏಳನೇ ವೇತನ ಆಯೋಗದಲ್ಲಿ ಊರಿನ ದರ್ಜೆಗೆ ತಕ್ಕಂತೆ ಶೇ 30, 20, 10 ಇದ್ದದ್ದು ಶೇ 24, 16, 8 ಆಯಿತು. ಇದರಿಂದ ಕೈಗೆ ಬರುವ ಹಣ ಕಡಿಮೆಯಾಗಬೇಕೆಂದೇನಿಲ್ಲ, ಆದರೆ ಏರಿಕೆಯ ಒಂದಿಷ್ಟು ಅಲ್ಲಿ ಕರಗುತ್ತದೆ. ಹಾಗಾಗಿ ಬೇಡಿಕೆಯ ಜೊತೆ ಮೂರು ಮಾದರಿ ಸಂಬಳ ಚೀಟಿ ಕಟ್ಟಿಕೊಂಡು ಹೋಗುವುದು ಒಳ್ಳೆಯದು: ಎರಡು ವರ್ಷ ಸೇವೆಯ ಚಾಲಕ, ಹದಿನೈದು ವರ್ಷದ ನಿರ್ವಾಹಕ, ನಿವೃತ್ತಿಗೆ ಹತ್ತಿರ ಇರುವ ಮೆಕ್ಯಾನಿಕ್. ಆಡಳಿತ ಮಂಡಳಿ ಒಂದು ಸೂತ್ರ ಮುಂದಿಟ್ಟ ತಕ್ಷಣ ಮೂವರ ಚೀಟಿಯಲ್ಲೂ ಅದನ್ನು ಹಾಕಿ ನೋಡಬೇಕು. ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ ಮಾಡುವ ಸೂತ್ರಗಳು ಆಗ ಮಾತ್ರ ಕಾಣಿಸುತ್ತವೆ.

ತಾರೀಖು

2023ರ ಮಾರ್ಚ್‌ನಲ್ಲಿ ಸಾರಿಗೆ ನಿಗಮಗಳ ನೌಕರರಿಗೆ ಶೇ 15ರ ಏರಿಕೆ ಘೋಷಣೆಯಾಯಿತು, ಜಾರಿ 2023ರ ಮಾರ್ಚ್ 1ರಿಂದ. ಪರಿಷ್ಕರಣೆ ಆಗಬೇಕಿದ್ದದ್ದು 2020ರ ಜನವರಿ 1ರಿಂದ. ನಡುವಿನ ತಿಂಗಳುಗಳನ್ನು ಎಣಿಸಿ: 2020, 2021, 2022ರ 36 ತಿಂಗಳು, 2023ರ ಜನವರಿ, ಫೆಬ್ರವರಿ. 38 ತಿಂಗಳು. ಸಾರಿಗೆ ನೌಕರರ ಬಾಯಲ್ಲಿ "ಮೂವತ್ತೆಂಟು ತಿಂಗಳ ಹಿಂಬಾಕಿ" ಎಂಬ ಮಾತು ಹುಟ್ಟಿದ್ದು ಹೀಗೆ. 2025ರ ಜುಲೈನ ಮಾತುಕತೆಯಲ್ಲಿ ಸರ್ಕಾರ 14 ತಿಂಗಳ ಲೆಕ್ಕ ಮುಂದಿಟ್ಟಿತು, ಅಂದರೆ 2022ರ ಜನವರಿಯಿಂದ. ಸಂಘಗಳು ಒಪ್ಪಲಿಲ್ಲ, ಆಗಸ್ಟ್ 5ರಂದು ಬಸ್‌ಗಳು ನಿಂತವು, ಹೈಕೋರ್ಟ್ ಮಧ್ಯಪ್ರವೇಶಿಸಿದ ಮೇಲೆ ಮುಷ್ಕರ ಮುಂದೂಡಲಾಯಿತು.

ತಿಂಗಳಿಗೆ 3,000 ರೂಪಾಯಿ ಏರಿಕೆ ಎಂದು ಹಿಡಿದರೆ 38 ತಿಂಗಳಿಗೆ 1,14,000. 14 ತಿಂಗಳಿಗೆ 42,000. ವ್ಯತ್ಯಾಸ 72,000. ಪರ್ಸೆಂಟ್‌ನಲ್ಲಿ ಒಂದೆರಡು ಅಂಕಿ ಹೆಚ್ಚು ಕೊಡುತ್ತೇವೆ, ತಾರೀಖನ್ನು ಮುಂದಕ್ಕೆ ಹಾಕಿ ಎಂದು ಆಡಳಿತ ಮಂಡಳಿ ಕೇಳಿದಾಗ ಈ ಗುಣಾಕಾರ ಜೇಬಿನಲ್ಲಿರಬೇಕು. ನಾನು ಕಂಡುಕೊಂಡಂತೆ ತಾರೀಖು ಬಿಟ್ಟುಕೊಟ್ಟರೆ ಇನ್ನೂ ಒಂದು ಪೆಟ್ಟಿದೆ: ಮುಂದಿನ ಪರಿಷ್ಕರಣೆಯ ನಾಲ್ಕು ವರ್ಷ ಯಾವತ್ತಿನಿಂದ ಎಣಿಸಬೇಕೆಂಬುದೂ ಗೊಂದಲಕ್ಕೆ ಬೀಳುತ್ತದೆ. 2020ರಿಂದ ಎಣಿಸಿದರೆ ಮುಂದಿನದು 2024ರ ಜನವರಿ 1. 2023ರ ಮಾರ್ಚ್‌ನಿಂದ ಎಣಿಸಿದರೆ 2027. ಆದ್ದರಿಂದ ಒಪ್ಪಂದದಲ್ಲಿ ಜಾರಿ ದಿನಾಂಕ, ನಗದು ಕೈಗೆ ಬರುವ ದಿನಾಂಕ, ಅವಧಿ ಮುಗಿಯುವ ದಿನಾಂಕ, ಈ ಮೂರನ್ನೂ ಬೇರೆಬೇರೆ ವಾಕ್ಯದಲ್ಲಿ, ದಿನ ತಿಂಗಳು ವರ್ಷ ಸಮೇತ ಬರೆಸಬೇಕು. ಹಿಂಬಾಕಿ ಕಂತಿನಲ್ಲಾದರೆ ಪ್ರತಿ ಕಂತಿನ ತಿಂಗಳೂ ಬರಬೇಕು. "ನಿಗಮದ ಆರ್ಥಿಕ ಪರಿಸ್ಥಿತಿ ನೋಡಿಕೊಂಡು" ಎಂಬ ಮಾತು ಕರಡಿನಲ್ಲಿ ಕಂಡರೆ ಅದನ್ನು ಹೊಡೆದುಹಾಕುವವರೆಗೆ ಸಹಿ ಬೇಡ.

ಫಾರಂ-4ರೊಳಗೆ ಅಡಗಿರುವ ಸಂಬಳ

ಇನ್ನು ಗಂಟೆಗಳ ಲೆಕ್ಕ. ಬಹುಪಾಲು ಮಾತುಕತೆಗಳಲ್ಲಿ ಇದು ಬೇಡಿಕೆ ಪಟ್ಟಿಯ ಹದಿನೇಳನೆಯದೋ ಹದಿನೆಂಟನೆಯದೋ ಆಗಿ ಕೊನೆಯಲ್ಲಿ ಬಿದ್ದಿರುತ್ತದೆ. ಮೊದಲ ಪುಟದಲ್ಲಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪ್ರತಿ ಶೆಡ್ಯೂಲ್‌ಗೆ, ಅಂದರೆ ಒಂದು ಡ್ಯೂಟಿಯ ಓಟಕ್ಕೆ, ಒಂದು ಫಾರಂ-4 ಇರುತ್ತದೆ: ಎಷ್ಟು ಟ್ರಿಪ್, ಪ್ರತಿ ಟ್ರಿಪ್‌ಗೆ ಎಷ್ಟು ರನ್ನಿಂಗ್ ಟೈಮ್, ಎಲ್ಲಿ ಎಷ್ಟು ಬಿಡುವು. ಒಂದು ಶೆಡ್ಯೂಲ್ ಊಹಿಸಿ. ಆರು ಸಿಂಗಲ್ ಟ್ರಿಪ್, ತಲಾ 70 ನಿಮಿಷ, ಒಟ್ಟು 420. ನಡುವೆ ನಾಲ್ಕು ಸಣ್ಣ ಬಿಡುವು ಸೇರಿ 30 ನಿಮಿಷ. ಊಟಕ್ಕೆ ಅರ್ಧ ಗಂಟೆ, ಅದು ಲೆಕ್ಕಕ್ಕಿಲ್ಲ. ಬೆಳಿಗ್ಗೆ ಹಾಜರಿ, ಟಿಕೆಟ್ ಯಂತ್ರ, ವೇಬಿಲ್, ಗಾಡಿ ತಪಾಸಣೆಗೆ 15. ಕೊನೆಗೆ ಹಣ ಕಟ್ಟಿ ಗಾಡಿ ಒಪ್ಪಿಸಲು 15. ಕೂಡಿಸಿದರೆ 480 ನಿಮಿಷ, ಸರಿಯಾಗಿ ಎಂಟು ಗಂಟೆ. ಕಾಗದದ ಮೇಲೆ ತಪ್ಪೇನೂ ಇಲ್ಲ.

ರಸ್ತೆಯಲ್ಲಿ ಆ ಟ್ರಿಪ್ 85 ನಿಮಿಷ ಹಿಡಿಯುತ್ತದೆ ಎನ್ನಿ. ಮೇಲ್ಸೇತುವೆ ಕೆಲಸ, ಹೊಸ ಸಿಗ್ನಲ್, ಶಕ್ತಿ ಯೋಜನೆ ಬಂದ ಮೇಲೆ ಹೆಚ್ಚಿದ ಹತ್ತುವವರು ಇಳಿಯುವವರು, ಪ್ರತಿಯೊಬ್ಬ ಮಹಿಳೆಗೂ ಶೂನ್ಯ ದರದ ಟಿಕೆಟ್ ಹರಿಯುವ ಸಮಯ, ಎಲ್ಲ ಸೇರಿ. ಆರು ಟ್ರಿಪ್‌ಗೆ 90 ನಿಮಿಷ ಹೆಚ್ಚಾಯಿತು. ಅದರಲ್ಲಿ 30 ನಿಮಿಷ ನಾಲ್ಕು ಸಣ್ಣ ಬಿಡುವುಗಳನ್ನು ನುಂಗುತ್ತದೆ, ಅಂದರೆ ಚಾಲಕ ಶೌಚಾಲಯಕ್ಕೂ ಹೋಗದೆ ಗಾಡಿ ತಿರುಗಿಸುತ್ತಾನೆ. ಉಳಿದ 60 ನಿಮಿಷ ಡ್ಯೂಟಿ ಮುಗಿಯುವ ಕಡೆ ಬಂದು ಬೀಳುತ್ತದೆ. ತಿಂಗಳಿಗೆ 26 ಡ್ಯೂಟಿಯಾದರೆ 26 ಗಂಟೆ. ಓಟಿ (ಹೆಚ್ಚುವರಿ ದುಡಿಮೆ) ದರ ದುಪ್ಪಟ್ಟು, ಹಾಗಾಗಿ 52 ಗಂಟೆಯ ಸಂಬಳ. ಎಂಟರಿಂದ ಭಾಗಿಸಿದರೆ ಆರೂವರೆ ದಿನ. 26 ದಿನದ ಸಂಬಳದಲ್ಲಿ ಆರೂವರೆ ದಿನವೆಂದರೆ ಕಾಲು ಭಾಗ! ಶೇ 15 ಬೇಕೋ ಶೇ 17 ಬೇಕೋ ಎಂದು ರಾತ್ರಿಯಿಡೀ ಎಳೆದಾಡುವ ಸಂಘ, ಶೇ 25ರಷ್ಟು ಸಂಬಳ ಲೆಕ್ಕಕ್ಕೇ ಬಾರದೆ ಹೋಗುವುದನ್ನು ಬಿಟ್ಟು ಎದ್ದು ಬರಬಾರದು.

ಕಾನೂನು ಇಲ್ಲಿ ಸಂಘದ ಪರವಾಗಿದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ಕೆಲಸದ ಸಮಯವೆಂದರೆ ಸ್ಟೀರಿಂಗ್ ಹಿಡಿದ ಹೊತ್ತು ಮಾತ್ರ ಆಗಿರಲಿಲ್ಲ. ಹಾಜರಿ ಪುಸ್ತಕಕ್ಕೆ ಸಹಿ, ಹಣ ಕಟ್ಟುವುದು, ಗಾಡಿ ತೆಗೆದುಕೊಳ್ಳುವುದು ಮತ್ತು ಒಪ್ಪಿಸುವುದು ಮುಂತಾದ ಪೂರಕ ಕೆಲಸ, ಜೊತೆಗೆ ಟರ್ಮಿನಲ್‌ನಲ್ಲಿ 15 ನಿಮಿಷಕ್ಕಿಂತ ಕಡಿಮೆ ಕಾಯುವ ಹೊತ್ತು, ಇವೆಲ್ಲವೂ ಕೆಲಸವೇ. ಆ ಕಾಯ್ದೆಯ ಜಾಗಕ್ಕೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯೂ ಈ ವ್ಯಾಖ್ಯೆಯನ್ನು ಉಳಿಸಿಕೊಂಡಿದೆ. ಈಗ ಒಂದು ಸೂಕ್ಷ್ಮ ಗಮನಿಸಿ. ಬಿಡುವನ್ನು 14 ನಿಮಿಷ ಇಟ್ಟರೆ ಕೆಲಸ, 16 ನಿಮಿಷ ಇಟ್ಟರೆ ಕೆಲಸವಲ್ಲ. ಶೆಡ್ಯೂಲ್ ಪರಿಷ್ಕರಿಸುವಾಗ ಬಿಡುವುಗಳು ಇದ್ದಕ್ಕಿದ್ದಂತೆ 15, 16, 18 ನಿಮಿಷಕ್ಕೆ ಏರಿದ್ದರೆ ಅದು ದಯೆಯಿಂದ ಬಂದದ್ದೇ ಎಂದು ನಂಬುವ ಮೊದಲು ಸ್ಪ್ರೆಡ್ ಓವರ್ ನೋಡಿ, ಅಂದರೆ ಡ್ಯೂಟಿ ಶುರುವಾದಲ್ಲಿಂದ ಮುಗಿಯುವವರೆಗೆ ಬಿಡುವೂ ಸೇರಿದ ಒಟ್ಟು ಹೊತ್ತು. ದುಡಿಮೆ ಎಂಟೇ ಗಂಟೆ, ಆದರೆ ಬೆಳಿಗ್ಗೆ ಐದಕ್ಕೆ ಹೊರಟವನು ಮನೆ ಸೇರುವುದು ಸಂಜೆ ಏಳಕ್ಕೆ ಎಂಬಂತಾಗಿರುತ್ತದೆ.

ಹಳೆಯ ಕಾಯ್ದೆಯಲ್ಲಿ ಸ್ಪ್ರೆಡ್ ಓವರ್‌ಗೆ 12 ಗಂಟೆಯ ಮಿತಿ ಇತ್ತು. ಐದು ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ಬಿಡುವು ಕಡ್ಡಾಯವಿತ್ತು. ಒಂದು ದಿನದ ಡ್ಯೂಟಿಯನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡುವಂತಿರಲಿಲ್ಲ. ಹೊಸ ಸಂಹಿತೆ ದಿನಕ್ಕೆ ಎಂಟು ಗಂಟೆಯನ್ನು ತನ್ನಲ್ಲೇ ಹೇಳಿ, ಬಿಡುವು ಮತ್ತು ಸ್ಪ್ರೆಡ್ ಓವರ್ ಅನ್ನು ಸರ್ಕಾರದ ಅಧಿಸೂಚನೆಗೆ ಬಿಟ್ಟಿದೆ. ಅಧಿಸೂಚನೆ ಬದಲಿಸುವುದು ಕಾಯ್ದೆ ಬದಲಿಸಿದಷ್ಟು ಕಷ್ಟವಲ್ಲ. ಅದಕ್ಕಾಗಿಯೇ 12 ಗಂಟೆ, ಅರ್ಧ ಗಂಟೆ, ಎರಡು ತುಂಡು, ಈ ಮೂರನ್ನೂ ಈಗಿನ ಒಪ್ಪಂದದೊಳಗೆ ಅಂಕಿ ಸಮೇತ ತಂದು ಕೂರಿಸಿಕೊಳ್ಳಬೇಕು. ರಜೆಯಲ್ಲಿ ಮಾತ್ರ ಹೊಸ ಸಂಹಿತೆ ಒಂದು ಹೆಜ್ಜೆ ಮುಂದಿದೆ: ವರ್ಷಕ್ಕೆ 240 ದಿನ ದುಡಿದಿದ್ದರೆ ಸಿಗುತ್ತಿದ್ದ ಗಳಿಕೆ ರಜೆ ಈಗ 180 ದಿನಕ್ಕೇ ಸಿಗುತ್ತದೆ, 20 ದಿನದ ದುಡಿಮೆಗೆ ಒಂದು ದಿನದಂತೆ.

ಆಡಳಿತದವರ ಉತ್ತರ ಏನಿರುತ್ತದೆ ಎಂದು ಮೊದಲೇ ಗೊತ್ತು: ರನ್ನಿಂಗ್ ಟೈಮ್ ಹೆಚ್ಚಿಸಿದರೆ ಟ್ರಿಪ್ ಕಡಿಮೆಯಾಗುತ್ತದೆ, ಪ್ರತಿ ಕಿಲೋಮೀಟರ್ ಗಳಿಕೆ ಬೀಳುತ್ತದೆ. ಇದನ್ನು ಸುಳ್ಳೆಂದು ತಳ್ಳಿಹಾಕುವುದು ಜಾಣತನವಲ್ಲ, ಅವರ ಲೆಕ್ಕವನ್ನು ಅವರಿಗಿಂತ ಮೊದಲು ಮಾಡಬೇಕು. ಹೋಗಿಬರಲು ಕಾಗದದ ಮೇಲೆ 150 ನಿಮಿಷ, 15 ನಿಮಿಷಕ್ಕೊಂದು ಬಸ್. 150ನ್ನು 15ರಿಂದ ಭಾಗಿಸಿದರೆ 10 ಬಸ್. ನಿಜಕ್ಕೂ ಹಿಡಿಯುವುದು 180 ನಿಮಿಷ, ಅಂದರೆ ಅದೇ ಅಂತರಕ್ಕೆ 12 ಬಸ್ ಬೇಕು. ಎರಡು ಬಸ್, ಎರಡು ಪಾಳಿಯ ಸಿಬ್ಬಂದಿ. ನಿಜವಾದ ಜಗಳ ಇದರದ್ದು. ಹೊಸ ಬಸ್ ಇಲ್ಲ ಎಂದರೆ ಅಂತರವನ್ನು 18 ನಿಮಿಷ ಮಾಡಿ, 10 ಬಸ್‌ನಲ್ಲೇ ಓಡುತ್ತದೆ. ಈಗಲೂ ನಿಲ್ದಾಣದಲ್ಲಿ ಕಾದವರಿಗೆ 15 ನಿಮಿಷಕ್ಕೊಂದು ಬಸ್ ಸಿಗುತ್ತಿಲ್ಲ. ಮೂರು ಬಸ್ ಒಟ್ಟಿಗೆ ಬಂದು ಆಮೇಲೆ ಮುಕ್ಕಾಲು ಗಂಟೆ ಖಾಲಿ ಹೋಗುತ್ತಿದೆ. ಪ್ರಯಾಣಿಕರ ಸಂಕಟ ಮತ್ತು ಸಿಬ್ಬಂದಿಯ ಸಂಕಟ ಎರಡೂ ಒಂದೇ ಕಾಗದದಿಂದ ಹುಟ್ಟುತ್ತಿವೆ ಎಂದು ತೋರಿಸಿಕೊಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಪುರಾವೆ ಕೂಡಿಸುವುದು

"ಟ್ರಾಫಿಕ್ ಜಾಸ್ತಿ ಸಾರ್" ಎಂದರೆ ಯಾರೂ ಬರೆದುಕೊಳ್ಳುವುದಿಲ್ಲ. ಟಿಕೆಟ್ ಯಂತ್ರದಲ್ಲಿ ಪ್ರತಿ ಟಿಕೆಟ್‌ಗೂ ಸಮಯ ಇರುತ್ತದೆ, ಮೊದಲ ಹಂತದ ಮೊದಲ ಟಿಕೆಟ್‌ನಿಂದ ಕೊನೆಯ ಹಂತದ ಟಿಕೆಟ್‌ವರೆಗೆ ತೆಗೆದರೆ ಟ್ರಿಪ್ ಸಮಯ ಹೆಚ್ಚುಕಡಿಮೆ ಸಿಗುತ್ತದೆ. ಗಾಡಿಗೆ ಜಿಪಿಎಸ್ ಇದ್ದರೆ ಇನ್ನೂ ನಿಖರ. ಮಾಹಿತಿ ಹಕ್ಕಿನಡಿ ಮಾರ್ಗ ಸಂಖ್ಯೆ, ಶೆಡ್ಯೂಲ್ ಸಂಖ್ಯೆ, ದಿನಾಂಕ ಹೆಸರಿಸಿ ಅರ್ಜಿ ಹಾಕಬಹುದು, ಉತ್ತರಕ್ಕೆ 30 ದಿನದ ಗಡುವಿದೆ. ಹಾಗಾಗಿ ಮಾತುಕತೆಗೆ ಎರಡು ತಿಂಗಳಾದರೂ ಮುಂಚೆ ಹಾಕಬೇಕು. ಇಡೀ ವಿಭಾಗದ ಮಾಹಿತಿ ಕೇಳಿದರೆ ಅರ್ಜಿ ತಿರಸ್ಕಾರವಾಗುವ ಸಾಧ್ಯತೆ ಹೆಚ್ಚು. ಹತ್ತು ಮಾರ್ಗ, ನಾಲ್ಕು ವಾರ ಸಾಕು.

ಸಿಬ್ಬಂದಿಯೂ ಒಂದು ಪುಟ್ಟ ಪುಸ್ತಕ ಇಟ್ಟುಕೊಳ್ಳಲಿ: ಹಾಜರಿ ಹಾಕಿದ ಹೊತ್ತು, ಗಾಡಿ ಹೊರಟದ್ದು, ಪ್ರತಿ ತುದಿ ಮುಟ್ಟಿದ್ದು, ಊಟಕ್ಕೆ ನಿಜವಾಗಿ ಸಿಕ್ಕ ನಿಮಿಷ, ಹಣ ಕಟ್ಟಿ ಹೊರಬಂದದ್ದು. ಈ ಕೊನೆಯದನ್ನು ಬಹಳ ಜನ ಮರೆಯುತ್ತಾರೆ, ಕ್ಯಾಷ್ ಕೌಂಟರ್ ಮುಂದೆ ನಿಂತ ಅರ್ಧ ಗಂಟೆಯೂ ಡ್ಯೂಟಿಯೇ. ಲೆಕ್ಕ ತೆಗೆಯುವಾಗ ಸರಾಸರಿಗೆ ಹೋಗಬೇಡಿ. ಭಾನುವಾರದ ಖಾಲಿ ರಸ್ತೆ ಸೇರಿಕೊಂಡು ಸೋಮವಾರದ ಬೆಳಗನ್ನು ಮುಚ್ಚಿಹಾಕುತ್ತದೆ. ಬೆಳಗಿನ ದಟ್ಟಣೆ, ಮಧ್ಯಾಹ್ನ, ಸಂಜೆ, ರಾತ್ರಿ ಎಂದು ಬೇರ್ಪಡಿಸಿ, ಹತ್ತರಲ್ಲಿ ಎಂಟು ಟ್ರಿಪ್ ಯಾವ ನಿಮಿಷದೊಳಗೆ ಮುಗಿದವೋ ಅದನ್ನೇ ರನ್ನಿಂಗ್ ಟೈಮ್ ಎಂದು ಕೇಳಿ. ಆಮೇಲೆ ಜಂಟಿ ಸಮೀಕ್ಷೆಗೆ ಒತ್ತಾಯಿಸಿ, ಸಂಘದ ಒಬ್ಬರು, ಸಂಚಾರ ಶಾಖೆಯ ಒಬ್ಬರು, ಒಂದೇ ಬಸ್ಸಿನಲ್ಲಿ. ಜಂಟಿ ಸಮೀಕ್ಷೆಯ ಹಾಳೆಗೆ ಇಬ್ಬರ ಸಹಿ ಬಿದ್ದ ಮೇಲೆ ಅಂಕಿಯ ಬಗ್ಗೆ ವಾದ ಮುಗಿಯುತ್ತದೆ.

ನೋಟಿಸ್, ಸಂಧಾನ, ಸಹಿ

2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ, ಹಳೆಯ ರೂಢಿಯಲ್ಲೇ ಹೋದರೆ ಕಾಲು ಜಾರುತ್ತದೆ. ಒಂದೇ ಸಂಸ್ಥೆಯಲ್ಲಿ ಹಲವು ಸಂಘಗಳಿದ್ದಾಗ, ಹಾಜರಿ ಪಟ್ಟಿಯ ಶೇ 51ರಷ್ಟು ನೌಕರರ ಬೆಂಬಲ ಇರುವ ಸಂಘವೇ ಮಾತುಕತೆಯ ಸಂಘ. ಯಾರಿಗೂ ಅಷ್ಟಿಲ್ಲದಿದ್ದರೆ ಶೇ 20ಕ್ಕಿಂತ ಕಡಿಮೆಯಿಲ್ಲದ ಬೆಂಬಲ ಇರುವ ಸಂಘಗಳ ಪ್ರತಿನಿಧಿಗಳ ಮಾತುಕತೆ ಮಂಡಳಿ. ನಮ್ಮಲ್ಲಿ ಒಂದು ಡಿಪೋದಲ್ಲೇ ನಾಲ್ಕು ಬಣ್ಣದ ಬಾವುಟ ಇರುವುದರಿಂದ ಸದಸ್ಯತ್ವದ ಲೆಕ್ಕ ಸರಿಯಿಟ್ಟುಕೊಳ್ಳದ ಸಂಘಕ್ಕೆ ಕುರ್ಚಿಯೇ ಸಿಗದೆ ಹೋಗಬಹುದು.

ಮುಷ್ಕರಕ್ಕೆ 14 ದಿನ ಮುಂಚಿತ ನೋಟಿಸ್ ಬೇಕು, ಆ ನೋಟಿಸ್ 60 ದಿನದ ಮಟ್ಟಿಗೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಸಂಧಾನಾಧಿಕಾರಿ ಮೊದಲ ಸಭೆ ನಡೆಸಿದ ದಿನದಿಂದ ರಾಜಿ ಸಂಧಾನ ಶುರುವಾದಂತೆ, ಅದು ನಡೆಯುವಷ್ಟು ದಿನ ಮತ್ತು ಮುಗಿದ ಮೇಲೆ ಏಳು ದಿನ ಮುಷ್ಕರ ಕಾನೂನುಬಾಹಿರ. "ಮುಷ್ಕರ ಅಲ್ಲ, ಎಲ್ಲರೂ ರಜೆ ಹಾಕೋಣ" ಎಂಬ ಹಳೆಯ ಉಪಾಯವೂ ಈಗ ನಡೆಯದು: ಶೇ 50 ಅಥವಾ ಅದಕ್ಕಿಂತ ಹೆಚ್ಚು ನೌಕರರು ಒಂದೇ ದಿನ ಒಗ್ಗಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. ಕಾನೂನುಬಾಹಿರ ಮುಷ್ಕರದಲ್ಲಿ ನೌಕರನಿಗೆ 1,000ದಿಂದ 10,000 ರೂಪಾಯಿ ದಂಡ, ಒಂದು ತಿಂಗಳವರೆಗೆ ಸೆರೆ ಅಥವಾ ಎರಡೂ ಆಗಬಹುದು. 2021ರ ಏಪ್ರಿಲ್ 7ರಿಂದ ನಡೆದ ದೀರ್ಘ ಮುಷ್ಕರದ ನಂತರ ವಜಾ, ವರ್ಗಾವಣೆ ಅನುಭವಿಸಿದ ಮನೆಗಳು ಎಷ್ಟಿವೆ ಎಂದು ಸಾರಿಗೆ ನೌಕರರಿಗೆ ಹೇಳಬೇಕಾಗಿಲ್ಲ. ನೋಟಿಸ್‌ನ ತಾರೀಖು ಲೆಕ್ಕ ಹಾಕುವ ಕೆಲಸವನ್ನು ಒಬ್ಬರಿಗೇ ವಹಿಸಿ, ಅವರು ಕ್ಯಾಲೆಂಡರ್ ಹಿಡಿದುಕೊಂಡೇ ಸಭೆಗೆ ಬರಲಿ.

ಸಂಧಾನಾಧಿಕಾರಿಯ ಮುಂದೆ ಆದ ಒಪ್ಪಂದಕ್ಕೂ ಇಬ್ಬರೇ ಕೂತು ಮಾಡಿಕೊಂಡ ಒಪ್ಪಂದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಸಂಘದ ಸದಸ್ಯರಲ್ಲದವರಿಗೂ, ನಾಳೆ ಕೆಲಸಕ್ಕೆ ಸೇರುವವರಿಗೂ ಅನ್ವಯ. ಎರಡನೆಯದು ಸಹಿ ಹಾಕಿದ ಪಕ್ಷಗಳಿಗೆ ಮಾತ್ರ. ಸಭಾ ನಡವಳಿಯನ್ನು ಅದೇ ದಿನ ಬರೆಸಿ ಸಹಿ ಪಡೆಯಿರಿ. ವಾರ ಬಿಟ್ಟು ಬರುವ ನಡವಳಿಯಲ್ಲಿ "ಒಪ್ಪಲಾಯಿತು" ಎಂಬುದು "ಪರಿಶೀಲಿಸಲಾಗುವುದು" ಆಗಿ ಬಂದಿರುತ್ತದೆ.

ಹಣವಲ್ಲದ ಬೇಡಿಕೆಗಳಲ್ಲಿ ಅಮಾನತಿನದ್ದು ಮುಖ್ಯ. ಅಮಾನತಿನ ಮೊದಲ 90 ದಿನ ಅರ್ಧ ಸಂಬಳ, ಆಮೇಲೆ ವಿಳಂಬ ನೌಕರನಿಂದಲ್ಲದಿದ್ದರೆ ಮುಕ್ಕಾಲು. ವಿಚಾರಣೆಯೂ ಸಾಮಾನ್ಯವಾಗಿ 90 ದಿನದಲ್ಲಿ ಮುಗಿಯಬೇಕು. ಡೀಸೆಲ್ ಕೆಎಂಪಿಎಲ್ (ಲೀಟರಿಗೆ ಎಷ್ಟು ಕಿಲೋಮೀಟರ್) ಗುರಿಯನ್ನು ಗಾಡಿಯ ವಯಸ್ಸು, ಮಾರ್ಗ ನೋಡಿ ಬೇರೆಬೇರೆ ನಿಗದಿ ಮಾಡಿಸಬೇಕು. ಹತ್ತು ಲಕ್ಷ ಕಿಲೋಮೀಟರ್ ಓಡಿದ ಗಾಡಿಗೂ ಹೊಸ ಗಾಡಿಗೂ ಒಂದೇ ಗುರಿ ಇಟ್ಟು ಚಾಲಕನಿಗೆ ನೋಟಿಸ್ ಕೊಡುವುದು ಅನ್ಯಾಯ. ಮಹಿಳಾ ನಿರ್ವಾಹಕರಿಗೆ ಪ್ರತಿ ತುದಿ ನಿಲ್ದಾಣದಲ್ಲಿ ನೀರಿರುವ, ಚಿಲಕವಿರುವ ಶೌಚಾಲಯ ಎಂದು ಒಪ್ಪಂದದಲ್ಲಿ ನಿಲ್ದಾಣಗಳ ಹೆಸರು ಹಿಡಿದೇ ಬರೆಸಿ. ಇನ್ನು ಕಿಲೋಮೀಟರ್ ಲೆಕ್ಕದ ಗುತ್ತಿಗೆಯಲ್ಲಿ ಬಂದಿರುವ ವಿದ್ಯುತ್ ಬಸ್‌ಗಳಲ್ಲಿ ಚಾಲಕ ಖಾಸಗಿ ಕಂಪನಿಯವನು, ನಿರ್ವಾಹಕ ನಿಗಮದವನು. ಅದೇ ಬಸ್, ಅದೇ ಟ್ರಾಫಿಕ್, ಆದರೆ ಮುಂದಿನ ಸೀಟಿನವನಿಗೆ ಈ ಒಪ್ಪಂದದ ಒಂದಕ್ಷರವೂ ತಗಲುವುದಿಲ್ಲ. ಗುತ್ತಿಗೆ ಕರಾರಿನಲ್ಲೇ ಚಾಲಕರ ಕನಿಷ್ಠ ವೇತನ, ಎಂಟು ಗಂಟೆ, ವಾರದ ರಜೆ ಸೇರಿಸಬೇಕೆಂಬ ಬೇಡಿಕೆಯನ್ನು ಈಗಲೇ ಇಡದಿದ್ದರೆ, ಮುಂದೊಂದು ದಿನ ಮಾತುಕತೆಗೆ ಕೂರುವ ಸಂಘದ ಹಿಂದೆ ಚಾಲಕರೇ ಇರುವುದಿಲ್ಲ.

ಸಹಿ ಆದ ಮೇಲೆ ಮೊದಲು ಹಿಡಿಯಬೇಕಾದ ಪಟ್ಟಿ ನಿವೃತ್ತರದ್ದು. ಜಾರಿ ದಿನಾಂಕಕ್ಕೂ ಸಹಿಯ ದಿನಾಂಕಕ್ಕೂ ನಡುವೆ ನಿವೃತ್ತರಾದವರು, ತೀರಿಕೊಂಡವರು ಡಿಪೋದ ಸಂಬಳ ಪಟ್ಟಿಯಲ್ಲಿ ಇರುವುದಿಲ್ಲ, ಕಂಪ್ಯೂಟರ್ ಅವರನ್ನು ತಾನಾಗಿ ಹುಡುಕುವುದೂ ಇಲ್ಲ. 30 ವರ್ಷ ದುಡಿದವರಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 3,000 ಹೆಚ್ಚಾದರೆ, ಗ್ರಾಚ್ಯುಟಿಯಲ್ಲಿ 3,000ವನ್ನು 26ರಿಂದ ಭಾಗಿಸಿ, 15ರಿಂದ, ಆಮೇಲೆ 30ರಿಂದ ಗುಣಿಸಿ: 51,923 ರೂಪಾಯಿ. ಹಿಂಬಾಕಿ ಬೇರೆ, ರಜೆ ನಗದೀಕರಣದ ವ್ಯತ್ಯಾಸ ಬೇರೆ. ಪ್ರತಿ ಘಟಕದಿಂದ ಅಂಥವರ ಹೆಸರು, ನೌಕರ ಸಂಖ್ಯೆ, ನಿವೃತ್ತಿಯ ದಿನಾಂಕ ತರಿಸಿ, ತೀರಿಕೊಂಡವರಿಗಾದರೆ ನಾಮಿನಿಯ ಹೆಸರನ್ನೂ ಸೇರಿಸಿ, ಒಪ್ಪಂದಕ್ಕೆ ಅನುಬಂಧವಾಗಿ ಲಗತ್ತಿಸಿ ಅದರ ಪ್ರತಿ ಪುಟಕ್ಕೂ ಸಹಿ ಹಾಕಿಸಿಕೊಳ್ಳಬೇಕು.